ಬಿಲ್ಲಿ ಲಿಡೆಲ್: ಸಂಬಳಕ್ಕೆ ಮಿತಿ ಇದ್ದ ಕಾಲದ ಒಬ್ಬ ವಿಂಗರ್

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಲಾ, ಜೆರಾರ್ಡ್, ಡಾಲ್‌ಗ್ಲಿಶ್. ಸ್ವಲ್ಪ ಹಳೆಯದನ್ನು ಓದಿಕೊಂಡವರು ಮ್ಯಾನೇಜರ್ ಬಿಲ್ ಶ್ಯಾಂಕ್ಲಿ ಹೆಸರನ್ನೂ ಹೇಳುತ್ತಾರೆ. ಆದರೆ ಶ್ಯಾಂಕ್ಲಿ ಬರುವುದಕ್ಕೂ ಮೊದಲು ಸುಮಾರು ಹತ್ತು ವರ್ಷ ಆ ಕ್ಲಬ್ಬನ್ನು ಒಬ್ಬ ಆಟಗಾರ ಹೆಗಲ ಮೇಲೆ ಹೊತ್ತಿದ್ದರು. ಜನ ಆ ತಂಡವನ್ನು 'ಲಿಡೆಲ್‌ಪೂಲ್' ಅಂತಲೇ ಕರೆಯುತ್ತಿದ್ದರು. ಅವರು ಬಿಲ್ಲಿ ಲಿಡೆಲ್. ಸ್ಕಾಟ್ಲೆಂಡಿನವರು. ಎಡಗಡೆಯ ವಿಂಗರ್, ಅಂದರೆ ಮೈದಾನದ ಎಡ ಅಂಚಿನಿಂದ ದಾಳಿ ಮಾಡುವವರು.

ಅವರ ವೃತ್ತಿಜೀವನವನ್ನು ಇವತ್ತಿನ ಕಣ್ಣಿನಿಂದ ನೋಡಿದರೆ ಬಹಳ ವಿಚಿತ್ರವಾಗಿ ಕಾಣುತ್ತದೆ. ದೇಶದಲ್ಲೇ ಹೆಸರಾದ ಆಟಗಾರ, ಆದರೆ ವಾರವಿಡೀ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದರು. ತಂಡ ಕೆಳಗಿನ ದರ್ಜೆಯಾದ ಎರಡನೇ ಡಿವಿಷನ್‌ಗೆ ಬಿತ್ತು, ಅವರು ಬಿಟ್ಟು ಹೋಗಲಿಲ್ಲ. 24 ವರ್ಷ ತುಂಬಿದ ಮೇಲೆ ಲೀಗ್‌ನ ಮೊದಲ ಪಂದ್ಯ ಆಡಿದರು, 38 ದಾಟಿದ ಮೇಲೂ ಗೋಲು ಹೊಡೆದರು. ಹೀಗೆಲ್ಲ ಯಾಕಾಯಿತು ಅಂತ ಅರ್ಥವಾಗಬೇಕಾದರೆ ಆಟಗಾರನ ಜೊತೆಗೆ ಆ ಕಾಲದ ಫುಟ್‌ಬಾಲ್ ಹೇಗೆ ನಡೆಯುತ್ತಿತ್ತು ಅನ್ನುವುದನ್ನೂ ನೋಡಬೇಕು.

ಲಿಡೆಲ್ ಹುಟ್ಟಿದ್ದು 1922ರ ಜನವರಿ 10ರಂದು, ಟೌನ್‌ಹಿಲ್ ಎಂಬ ಊರಿನಲ್ಲಿ. ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಡನ್‌ಫರ್ಮ್‌ಲೈನ್ ಹತ್ತಿರದ ಕಲ್ಲಿದ್ದಲು ಗಣಿಯ ಊರು ಅದು. ಅಪ್ಪ ಗಣಿ ಕಾರ್ಮಿಕ. ಮನೆಯ ಆರು ಮಕ್ಕಳಲ್ಲಿ ಬಿಲ್ಲಿಯೇ ದೊಡ್ಡವರು. ಆ ಕಾಲದ ಸ್ಕಾಟಿಷ್ ಫುಟ್‌ಬಾಲಿನ ದೊಡ್ಡ ಹೆಸರುಗಳ ಹಿಂದೆ ಹುಡುಕಿದರೆ ಮತ್ತೆ ಮತ್ತೆ ಇಂಥದ್ದೇ ಊರು ಸಿಗುತ್ತದೆ. ಮ್ಯಾಟ್ ಬಸ್ಬಿ ಗಣಿ ಊರಿನವರು, ಶ್ಯಾಂಕ್ಲಿಯೂ ಅಷ್ಟೇ. ಗಂಡುಮಕ್ಕಳಿಗೆ ಭೂಮಿಯ ಕೆಳಗಿನ ಕೆಲಸ ಬಿಟ್ಟರೆ ಬೇರೆ ದಾರಿಗಳು ಕಡಿಮೆ ಇದ್ದವು. ಫುಟ್‌ಬಾಲ್ ಅವುಗಳಲ್ಲಿ ಒಂದು.

ಲಿಡೆಲ್ ಮನೆಯವರಿಗೆ ಇನ್ನೊಂದು ದಾರಿಯೂ ಬೇಕಿತ್ತು. ಹುಡುಗ ಓದಿನಲ್ಲಿ ಚುರುಕು. ಅಕೌಂಟೆಂಟ್ ಆಗಲಿ ಅನ್ನುವುದು ತಂದೆತಾಯಿಯ ಆಸೆ. ಲಿಡೆಲ್ ಲೋಖ್‌ಗೆಲಿ ವಯಲೆಟ್ ಎಂಬ 'ಜೂನಿಯರ್' ಕ್ಲಬ್ಬಿಗೆ ಆಡುತ್ತಿದ್ದಾಗಲೇ ಲಿವರ್‌ಪೂಲಿನ ಕಣ್ಣು ಬಿತ್ತು. ಸ್ಕಾಟ್ಲೆಂಡಿನಲ್ಲಿ ಜೂನಿಯರ್ ಫುಟ್‌ಬಾಲ್ ಅಂದರೆ ಮಕ್ಕಳ ಆಟ ಅಲ್ಲ. ದೊಡ್ಡ ಲೀಗ್‌ಗಿಂತ ಕೆಳಗಿನ ಹಂತದ, ಬೆಳೆದ ಗಂಡಸರೇ ಆಡುವ ಗಟ್ಟಿ ಆಟ ಅದು. ಹದಿನಾರರ ಹುಡುಗ ಅಲ್ಲಿ ಒದೆ ತಿಂದು ಕಲಿತು ಬಂದಿದ್ದರೆ, ಇಂಗ್ಲೆಂಡಿನ ಡಿಫೆಂಡರ್‌ಗಳಿಗೆ ಹೆದರಬೇಕಾಗಿರಲಿಲ್ಲ.

ಆಗ ಲಿವರ್‌ಪೂಲಿನಲ್ಲಿ ಆಡುತ್ತಿದ್ದ ಮ್ಯಾಟ್ ಬಸ್ಬಿ ಈ ಹುಡುಗನ ಬಗ್ಗೆ ಮ್ಯಾನೇಜರ್ ಜಾರ್ಜ್ ಕೇ ಕಿವಿಗೆ ಹಾಕಿದರು. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಕಟ್ಟಿದ ಅದೇ ಬಸ್ಬಿ. ಮನೆಯವರು ಒಪ್ಪಿದ್ದು ಷರತ್ತಿನ ಮೇಲೆ: ಹುಡುಗನಿಗೆ ಒಳ್ಳೆಯ ವಸತಿ ಕೊಡಬೇಕು, ಅಕೌಂಟೆನ್ಸಿ ಓದು ನಿಲ್ಲಬಾರದು. ಕ್ಲಬ್ಬು ಒಪ್ಪಿತು. 1939ರ ಏಪ್ರಿಲ್‌ನಲ್ಲಿ, 17ರ ವಯಸ್ಸಿನಲ್ಲಿ, ಲಿಡೆಲ್ ವಾರಕ್ಕೆ 3 ಪೌಂಡ್ ಸಂಬಳದ ವೃತ್ತಿಪರ ಆಟಗಾರರಾದರು.

ಐದೇ ತಿಂಗಳಲ್ಲಿ ಯುದ್ಧ ಶುರುವಾಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಯುದ್ಧದ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಪೂರ್ತಿ ನಿಂತಿರಲಿಲ್ಲ. ರಾಷ್ಟ್ರೀಯ ಲೀಗ್ ಮಾತ್ರ ನಿಂತಿತು, ಅದರ ಜಾಗದಲ್ಲಿ ಪ್ರಾದೇಶಿಕ ಪಂದ್ಯಗಳು ನಡೆದವು. ಸೈನ್ಯದಲ್ಲಿದ್ದವರು ರಜೆ ಸಿಕ್ಕಾಗ ಬಂದು ಆಡಿ ಹೋಗುತ್ತಿದ್ದರು. ಆ ಪಂದ್ಯಗಳ ಗೋಲುಗಳು ಅಧಿಕೃತ ಲೆಕ್ಕಕ್ಕೆ ಸೇರುವುದಿಲ್ಲ. ಲಿಡೆಲ್ ವಾಯುಪಡೆಯಲ್ಲಿ ನ್ಯಾವಿಗೇಟರ್ ಆಗಿದ್ದರು, ಅಂದರೆ ವಿಮಾನಕ್ಕೆ ದಾರಿ ಲೆಕ್ಕಹಾಕುವ ಕೆಲಸ. ಆ ನಡುವೆಯೇ ಲಿವರ್‌ಪೂಲಿಗೆ ಸುಮಾರು 150 ಪಂದ್ಯ ಆಡಿ 80ಕ್ಕೂ ಜಾಸ್ತಿ ಗೋಲು ಹೊಡೆದರು. 1942ರಲ್ಲಿ ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕಿನಲ್ಲಿ ಸ್ಕಾಟ್ಲೆಂಡ್ ತಂಡ ಇಂಗ್ಲೆಂಡನ್ನು 5-4ರಿಂದ ಸೋಲಿಸಿದಾಗ ಅವರದ್ದೂ ಒಂದು ಗೋಲು ಇತ್ತು. ಇದ್ಯಾವುದೂ ದಾಖಲೆ ಪುಸ್ತಕದಲ್ಲಿ ಅಧಿಕೃತವಾಗಿ ಲೆಕ್ಕಕ್ಕಿಲ್ಲ. ಹದಿನೇಳರಿಂದ ಇಪ್ಪತ್ನಾಲ್ಕು ಅಂದರೆ ಒಬ್ಬ ವಿಂಗರ್‌ನ ಕಾಲಲ್ಲಿ ವೇಗ ತುಂಬಿ ತುಳುಕುವ ವಯಸ್ಸು. ಅವರ ಅಂಕಿಅಂಶ ನೋಡುವಾಗ ನನಗೆ ಮೊದಲು ಕಾಣುವುದು ಈ ಖಾಲಿ ಜಾಗ.

ಲೀಗ್ ಮತ್ತೆ ಶುರುವಾದದ್ದು 1946ರ ಆಗಸ್ಟ್‌ನಲ್ಲಿ. ಲಿಡೆಲ್ ಇನ್ನೂ ವಾಯುಪಡೆಯಲ್ಲೇ ಇದ್ದರು. ಸೆಪ್ಟೆಂಬರ್ 7ರಂದು ಆನ್‌ಫೀಲ್ಡ್ ಮೈದಾನದಲ್ಲಿ ಚೆಲ್ಸಿ ವಿರುದ್ಧ ಅವರ ಮೊದಲ ಲೀಗ್ ಪಂದ್ಯ. ಲಿವರ್‌ಪೂಲ್ 7-4ರಿಂದ ಗೆದ್ದಿತು. ಲಿಡೆಲ್ ಎರಡು ಗೋಲು ಹೊಡೆದರು. ಮೊದಲನೆಯದು ಕಾರ್ನರ್ ಕಿಕ್‌ನಿಂದ ನೇರವಾಗಿ ಬಲೆಗೆ. ಅದೇ ದಿನ ಲಿವರ್‌ಪೂಲಿಗೆ ಮೊದಲ ಲೀಗ್ ಪಂದ್ಯ ಆಡಿದ ಇನ್ನೊಬ್ಬರು ಬಾಬ್ ಪೈಸ್ಲಿ. ಮುಂದೆ ಮ್ಯಾನೇಜರ್ ಆಗಿ ಮೂರು ಸಲ ಯುರೋಪಿಯನ್ ಕಪ್ ಗೆದ್ದವರು.

ಈಗ ವಿಂಗರ್ ಅಂದರೆ ಆಗ ಏನಿತ್ತು ಅಂತ ಸ್ವಲ್ಪ ನೋಡೋಣ. ಇವತ್ತಿನ ವಿಂಗರ್ ಎಲ್ಲ ಕಡೆ ಓಡುತ್ತಾನೆ. ಒಳಗೆ ಬರುತ್ತಾನೆ, ಹಿಂದೆ ಹೋಗಿ ಡಿಫೆನ್ಸ್ ಮಾಡುತ್ತಾನೆ, ಎದುರಾಳಿಯ ಮೇಲೆ ಒತ್ತಡ ಹಾಕುತ್ತಾನೆ. 1940ರ ದಶಕದ ಇಂಗ್ಲೆಂಡಿನಲ್ಲಿ ಹಾಗಿರಲಿಲ್ಲ. ಆಗ ಬಹುತೇಕ ತಂಡಗಳು ಡಬ್ಲ್ಯೂ-ಎಂ ಎಂಬ ಜೋಡಣೆಯಲ್ಲಿ ಆಡುತ್ತಿದ್ದವು. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾಯಿತು. ಅಲ್ಲಿಯವರೆಗೆ ಮುಂದೆ ನಿಂತವನಿಗೂ ಗೋಲಿಗೂ ನಡುವೆ ಮೂವರು ಎದುರಾಳಿಗಳು ಬೇಕಿತ್ತು, ಆಮೇಲೆ ಇಬ್ಬರಿದ್ದರೆ ಸಾಕು ಎಂದಾಯಿತು. ಗೋಲುಗಳು ಮಳೆಯಂತೆ ಬಂದವು. ಅದನ್ನು ತಡೆಯಲು ಮಧ್ಯದ ಸಾಲಿನಲ್ಲಿ ಆಡುತ್ತಿದ್ದ ನಡುವಿನ ಹಾಫ್ ಬ್ಯಾಕನ್ನು ಹಿಂದಕ್ಕೆ ಎಳೆದು ಮೂರನೇ ಡಿಫೆಂಡರ್ ಮಾಡಿದರು. ಆರ್ಸೆನಲ್‌ನ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಈ ಪದ್ಧತಿಯನ್ನು ಹೆಸರುವಾಸಿ ಮಾಡಿದರು. ಮುಂದಿನ ಐವರನ್ನು ಗೆರೆ ಎಳೆದು ಸೇರಿಸಿದರೆ ಡಬ್ಲ್ಯೂ, ಹಿಂದಿನ ಐವರನ್ನು ಸೇರಿಸಿದರೆ ಎಂ.

ಆ ಡಬ್ಲ್ಯೂನ ಎರಡು ತುದಿಗಳೇ ವಿಂಗರ್‌ಗಳು. ಬಲತುದಿಗೆ 7ನೇ ನಂಬರ್, ಎಡತುದಿಗೆ 11. ಗೆರೆಯ ಪಕ್ಕದಲ್ಲೇ ನಿಂತಿರಬೇಕು. ಚೆಂಡು ಬಂದಾಗ ಎದುರಿನ ಫುಲ್ ಬ್ಯಾಕನ್ನು, ಅಂದರೆ ಆ ಅಂಚು ಕಾಯುವ ಡಿಫೆಂಡರನ್ನು ದಾಟಿ, ಮೂಲೆಯವರೆಗೆ ಓಡಿ, ಗೋಲಿನ ಮುಂದೆ ನಿಂತ ಸೆಂಟರ್ ಫಾರ್ವರ್ಡ್‌ನ ತಲೆಗೆ ಸರಿಯಾಗಿ ಚೆಂಡು ಹಾಕಬೇಕು. ಮೈದಾನದ ಬೇರೆ ಕಡೆ ಏನೇ ನಡೆಯಲಿ, ಅವನಿಗೂ ಆ ಒಬ್ಬ ಫುಲ್ ಬ್ಯಾಕ್‌ಗೂ ತೊಂಬತ್ತು ನಿಮಿಷದ ಕುಸ್ತಿ. ಬದಲಿ ಆಟಗಾರರು ಇರಲಿಲ್ಲ. ಇಂಗ್ಲಿಷ್ ಲೀಗ್‌ನಲ್ಲಿ ಬದಲಿ ಆಟಗಾರನನ್ನು ಇಳಿಸಲು ಅವಕಾಶ ಬಂದಿದ್ದು 1965ರಲ್ಲಿ. ಕಾಲಿಗೆ ಪೆಟ್ಟು ಬಿದ್ದರೆ ಕುಂಟುತ್ತಲೇ ಆಡಬೇಕು. ಚೆಂಡು ಚರ್ಮದ್ದು, ಮಳೆ ಬಂದರೆ ನೀರು ಹೀರಿ ಭಾರವಾಗುತ್ತಿತ್ತು. ಚಳಿಗಾಲದಲ್ಲಿ ಮೈದಾನ ಕೆಸರುಗದ್ದೆ. ಅದರಲ್ಲಿ ವಿಂಗ್ ಅಂಚಿಗೆ ಮಾತ್ರ ಸ್ವಲ್ಪ ಹುಲ್ಲು ಉಳಿದಿರುತ್ತಿತ್ತು. ವಿಂಗರ್‌ಗಳನ್ನು ನೋಡಲು ಜನ ಮುಗಿಬೀಳುತ್ತಿದ್ದದ್ದು ಸುಮ್ನೆ ಅಲ್ಲ.

ಆ ಕಾಲದ ವಿಂಗರ್‌ಗಳಲ್ಲಿ ಹೆಚ್ಚು ಪ್ರಸಿದ್ಧರು ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್. ಅವರು ಚೆಂಡನ್ನು ಕಾಲಿಗೆ ಅಂಟಿಸಿಕೊಂಡು, ದೇಹ ಒಂದು ಕಡೆ ಬಾಗಿಸಿ ಇನ್ನೊಂದು ಕಡೆ ಹಾರಿ ಹೋಗುವ ಮೋಡಿಗಾರ. ಲಿಡೆಲ್ ಬೇರೆ ಬಗೆಯ ಆಟಗಾರ. ಗಟ್ಟಿ ಮೈಕಟ್ಟು, ನೇರ ಓಟ, ಎರಡೂ ಕಾಲಿನಲ್ಲಿ ಬಿರುಸಾದ ಹೊಡೆತ. ಫುಲ್ ಬ್ಯಾಕನ್ನು ಏಮಾರಿಸುವ ಬದಲು ವೇಗದಿಂದ ದಾಟಿ ಹೋಗುತ್ತಿದ್ದರು. ಅಂಚಿನಿಂದ ಒಳಕ್ಕೆ ನುಗ್ಗಿ ತಾವೇ ಗೋಲಿಗೆ ಹೊಡೆಯುತ್ತಿದ್ದರು. ಇವತ್ತು ಅದು ಸಾಮಾನ್ಯ, ಆಗ ವಿಂಗರ್‌ನಿಂದ ಯಾರೂ ಅಷ್ಟು ಗೋಲು ನಿರೀಕ್ಷಿಸುತ್ತಿರಲಿಲ್ಲ. ಇಷ್ಟು ಬಲದಿಂದ ಆಡುತ್ತಿದ್ದರೂ ಒರಟುತನ ಮಾಡದವರು ಅಂತ ಎದುರಾಳಿಗಳೂ ಅವರನ್ನು ಗೌರವಿಸುತ್ತಿದ್ದರು.

ಮೊದಲ ಸೀಸನ್‌ನಲ್ಲೇ ಲಿವರ್‌ಪೂಲ್ ಲೀಗ್ ಗೆದ್ದಿತು. 1947ರ ಚಳಿಗಾಲ ಎಷ್ಟು ಭಯಂಕರವಾಗಿತ್ತೆಂದರೆ ಹಿಮದಿಂದ ಪಂದ್ಯಗಳು ಸಾಲುಸಾಲಾಗಿ ಮುಂದೆ ಹೋದವು, ಸೀಸನ್ ಜೂನ್‌ವರೆಗೆ ಎಳೆಯಿತು. ಮೇ 31ರಂದು ಲಿವರ್‌ಪೂಲ್ ವುಲ್ವ್ಸ್ ತಂಡವನ್ನು ಅವರದ್ದೇ ಊರಿನಲ್ಲಿ 2-1ರಿಂದ ಸೋಲಿಸಿ ತನ್ನ ಕೊನೆಯ ಪಂದ್ಯ ಮುಗಿಸಿತು. ಆದರೆ ಸ್ಟೋಕ್ ತಂಡಕ್ಕೆ ಇನ್ನೂ ಒಂದು ಪಂದ್ಯ ಬಾಕಿ ಇತ್ತು. ಅದು ಗೆದ್ದರೆ ಪ್ರಶಸ್ತಿ ಸ್ಟೋಕ್‌ಗೆ. ಲಿವರ್‌ಪೂಲ್ ಎರಡು ವಾರ ಕಾಯಿತು. ಜೂನ್ 14ರಂದು ಸ್ಟೋಕ್ ಶೆಫೀಲ್ಡ್ ಯುನೈಟೆಡ್‌ಗೆ ಸೋತಿತು. ಆ ಸೀಸನ್‌ನಲ್ಲಿ ಲಿಡೆಲ್ ಹೊಡೆದಿದ್ದು 7 ಲೀಗ್ ಗೋಲು ಅಷ್ಟೇ. ಜ್ಯಾಕ್ ಬಾಮರ್ ಮತ್ತು ಆಲ್ಬರ್ಟ್ ಸ್ಟಬಿನ್ಸ್ ತಲಾ 24 ಗೋಲು ಹೊಡೆದರು. ಅಂಚಿನಿಂದ ಅವರಿಗೆ ಚೆಂಡು ಒದಗಿಸುವುದು ವಿಂಗರ್‌ನ ಕೆಲಸ.

ಅದೇ ಮೇ ತಿಂಗಳಲ್ಲಿ ಹ್ಯಾಂಪ್ಡನ್ ಪಾರ್ಕಿನಲ್ಲಿ ಗ್ರೇಟ್ ಬ್ರಿಟನ್ ಮತ್ತು ಯುರೋಪಿನ ಉಳಿದ ದೇಶಗಳ ತಂಡದ ನಡುವೆ ಪಂದ್ಯ ನಡೆಯಿತು. ಬ್ರಿಟನ್ನಿನ ಫುಟ್‌ಬಾಲ್ ಸಂಸ್ಥೆಗಳು ಫಿಫಾಕ್ಕೆ ಮರಳಿದ ಸಂತೋಷಕ್ಕೆ ಏರ್ಪಡಿಸಿದ ಪಂದ್ಯ. ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಬಲಗಡೆ ಮ್ಯಾಥ್ಯೂಸ್, ಎಡಗಡೆ ಲಿಡೆಲ್. ಬ್ರಿಟನ್ 6-1ರಿಂದ ಗೆದ್ದಿತು. ಇಂಥದ್ದೇ ಎರಡನೇ ಪಂದ್ಯ 1955ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ನಡೆದಾಗ ಬ್ರಿಟನ್ 4-1ರಿಂದ ಸೋತಿತು. ಎರಡೂ ಪಂದ್ಯ ಆಡಿದವರು ಇಬ್ಬರೇ: ಮ್ಯಾಥ್ಯೂಸ್ ಮತ್ತು ಲಿಡೆಲ್. ಎರಡನೆಯ ಹೊತ್ತಿಗೆ ಲಿಡೆಲ್ ಎರಡನೇ ಡಿವಿಷನ್‌ನ ಆಟಗಾರ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಇಷ್ಟು ಹೆಸರು ಮಾಡಿದ ಮನುಷ್ಯ ಆಫೀಸಿಗೆ ಯಾಕೆ ಹೋಗುತ್ತಿದ್ದರು? ಇದೇ ಈ ಕಥೆಯ ಮುಖ್ಯ ಗಂಟು.

ಇಂಗ್ಲೆಂಡಿನ ಲೀಗ್‌ನಲ್ಲಿ 1901ರಿಂದ ಆಟಗಾರರ ಸಂಬಳಕ್ಕೆ ಗರಿಷ್ಠ ಮಿತಿ ಇತ್ತು. ಶುರುವಿನಲ್ಲಿ ವಾರಕ್ಕೆ 4 ಪೌಂಡ್. 1947ರಲ್ಲಿ ಅದು 12 ಪೌಂಡ್ ಆಯಿತು, 1958ರಲ್ಲಿ 20. ಬೇಸಿಗೆಯಲ್ಲಿ, ಪಂದ್ಯಗಳಿಲ್ಲದ ತಿಂಗಳುಗಳಲ್ಲಿ, ಇನ್ನೂ ಕಡಿಮೆ. ಎಷ್ಟೇ ದೊಡ್ಡ ಆಟಗಾರನಾದರೂ ಇದಕ್ಕಿಂತ ಜಾಸ್ತಿ ಸಂಬಳ ಕೊಡುವಂತಿಲ್ಲ. ಶ್ರೀಮಂತ ಕ್ಲಬ್ಬುಗಳು ಒಳ್ಳೆಯವರನ್ನೆಲ್ಲ ಬಾಚಿಕೊಳ್ಳದಿರಲಿ, ಲೀಗ್‌ನಲ್ಲಿ ಸಮತೋಲನ ಇರಲಿ ಅನ್ನುವುದು ಅದಕ್ಕೆ ಕೊಡುತ್ತಿದ್ದ ಕಾರಣ. ಆದರೆ ದುಡ್ಡಿಗೇನೂ ಬರ ಇರಲಿಲ್ಲ. 1948-49ರ ಒಂದೇ ಸೀಸನ್‌ನಲ್ಲಿ ಲೀಗ್ ಪಂದ್ಯಗಳನ್ನು 4 ಕೋಟಿ 10 ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಟ್ಟು ನೋಡಿದರು. 1952ರಲ್ಲಿ ಆನ್‌ಫೀಲ್ಡ್‌ಗೆ ಒಂದೇ ದಿನ 61,905 ಜನ ಬಂದರು. ಸ್ಟಬಿನ್ಸ್ ಅವರನ್ನು ಕೊಳ್ಳಲು ಲಿವರ್‌ಪೂಲ್ ನ್ಯೂಕ್ಯಾಸಲ್ ಕ್ಲಬ್ಬಿಗೆ 12,500 ಪೌಂಡ್ ಕೊಟ್ಟಿತ್ತು. ಕ್ಲಬ್ಬಿನಿಂದ ಕ್ಲಬ್ಬಿಗೆ ಸಾವಿರಗಟ್ಟಲೆ ಪೌಂಡ್ ಹೋಗುತ್ತಿತ್ತು, ಆಡುವವನ ಕೈಗೆ ವಾರಕ್ಕೆ ಹತ್ತು ಹನ್ನೆರಡು. ಇದು ಅನ್ಯಾಯ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಇದರ ಜೊತೆ ಇನ್ನೊಂದು ನಿಯಮ. ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲಿ ಇರುತ್ತಿತ್ತು. ಒಪ್ಪಂದ ಮುಗಿದರೂ ಕ್ಲಬ್ಬು ಆ ನೋಂದಣಿಯನ್ನು ಬಿಟ್ಟುಕೊಡದೆ ಉಳಿಸಿಕೊಳ್ಳಬಹುದಿತ್ತು. ಆಗ ಆಟಗಾರ ಬೇರೆ ಕಡೆ ಆಡುವಂತಿಲ್ಲ. ಬಿಡು ಅಂತ ಕೇಳಬಹುದು, ಒಪ್ಪುವುದು ಬಿಡುವುದು ಕ್ಲಬ್ಬಿಗೆ ಸೇರಿದ್ದು. ಇನ್ನು ಹೋದರೂ ಅಲ್ಲೂ ಅದೇ ಸಂಬಳ, ಅಲ್ವಾ? ಹಾಗಾಗಿ ಒಂದೇ ಕ್ಲಬ್ಬಿನಲ್ಲಿ ಹದಿನೈದು ವರ್ಷ ಕಳೆದವರು ಆಗ ಬೇಕಾದಷ್ಟು ಜನ. ಹಳೆಯ ಆಟಗಾರರ ನಿಷ್ಠೆಯನ್ನು ಈಗಿನವರ ಜೊತೆ ಹೋಲಿಸಿ ಹೊಗಳುವವರು ಈ ನಿಯಮಗಳನ್ನು ಮರೆತುಬಿಡುತ್ತಾರೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದರೆ, ಒಳಗಿದ್ದವರು ಇಷ್ಟಪಟ್ಟು ಉಳಿದರೋ ಇಲ್ಲವೋ ಅಂತ ಹೇಗೆ ಹೇಳುವುದು?

ಲಿಡೆಲ್ ವಿಷಯದಲ್ಲಿ ಮಾತ್ರ ಅದನ್ನು ಹೇಳಲು ಒಂದು ಆಧಾರ ಇದೆ. 1950ರಲ್ಲಿ ಆ ಚಿಲಕ ಸ್ವಲ್ಪ ಹೊತ್ತು ತೆಗೆದುಕೊಂಡಿತು. ಕೊಲಂಬಿಯಾ ದೇಶದ ಲೀಗ್ ಆಗ ಫಿಫಾದಿಂದ ಹೊರಗಿತ್ತು. ಆದ್ದರಿಂದ ಅಲ್ಲಿನ ಕ್ಲಬ್ಬುಗಳು ಬೇರೆ ದೇಶದ ಕ್ಲಬ್ಬಿಗೆ ಕಾಸೂ ಕೊಡದೆ, ಅನುಮತಿಯೂ ಕೇಳದೆ ಆಟಗಾರರನ್ನು ಕರೆಸಿಕೊಳ್ಳುತ್ತಿದ್ದವು. ಕೊಡುತ್ತಿದ್ದ ಹಣ ಇಂಗ್ಲೆಂಡಿನ ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ. ಸ್ಟೋಕ್‌ನ ನೀಲ್ ಫ್ರ್ಯಾಂಕ್ಲಿನ್, ಮ್ಯಾಂಚೆಸ್ಟರ್ ಯುನೈಟೆಡ್‌ನ ವಿಂಗರ್ ಚಾರ್ಲಿ ಮಿಟನ್ ಬೊಗೊಟಾ ನಗರಕ್ಕೆ ಹೊರಟೇಬಿಟ್ಟರು. ಮರಳಿ ಬಂದಾಗ ನಿಷೇಧ ಎದುರಿಸಬೇಕಾಯಿತು. ಲಿಡೆಲ್ ಅವರಿಗೂ ಕರೆ ಬಂದಿತ್ತು. ಅವರು ಹೋಗಲಿಲ್ಲ. ಹೆಂಡತಿ, ಚಿಕ್ಕ ಮಕ್ಕಳು, ಅಕೌಂಟೆಂಟ್ ಕೆಲಸ, ಚರ್ಚು, ಊರು ಎಲ್ಲ ಲಿವರ್‌ಪೂಲಿನಲ್ಲೇ ಬೇರುಬಿಟ್ಟಿತ್ತು. ಹೋದವರನ್ನು ನಾನು ತಪ್ಪು ಅನ್ನುವುದಿಲ್ಲ, ಅವರ ದುಡಿಮೆಗೆ ಸರಿಯಾದ ಬೆಲೆ ಕೇಳಿದರು ಅಷ್ಟೇ. ಆದರೆ ಲಿಡೆಲ್ ಉಳಿದದ್ದರಲ್ಲಿ ಕಾನೂನಿನ ಕಟ್ಟುಪಾಡು ಎಷ್ಟು, ಸ್ವಂತ ಇಷ್ಟ ಎಷ್ಟು ಎಂದು ತೂಗುವಾಗ ಈ ಘಟನೆ ದೊಡ್ಡದು.

ಅಕೌಂಟೆಂಟ್ ಕೆಲಸ ಅವರಿಗೆ ತೋರಿಕೆಗೆ ಇರಲಿಲ್ಲ. ಉಳಿದ ಆಟಗಾರರು ಪ್ರತಿ ಬೆಳಿಗ್ಗೆ ಅಭ್ಯಾಸ ಮಾಡುತ್ತಿದ್ದರೆ, ಲಿಡೆಲ್ ವಾರದಲ್ಲಿ ಎರಡೇ ದಿನ ಬರುತ್ತಿದ್ದರು. ಆದರೂ ತಂಡದಲ್ಲಿ ಅವರಷ್ಟು ಗಟ್ಟಿಮುಟ್ಟಾದವರು ಕಡಿಮೆ. ಕುಡಿತ ಇಲ್ಲ, ಸಿಗರೇಟ್ ಇಲ್ಲ. ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳಿಕೊಡುತ್ತಿದ್ದರು. 1958ರಲ್ಲಿ ಅವರನ್ನು ಜಸ್ಟಿಸ್ ಆಫ್ ದ ಪೀಸ್ ಆಗಿ ನೇಮಿಸಿದರು. ಸಣ್ಣಪುಟ್ಟ ಮೊಕದ್ದಮೆಗಳನ್ನು ಸಂಬಳವಿಲ್ಲದೆ ಕೂತು ನೋಡುವ ಸ್ಥಳೀಯ ನ್ಯಾಯಾಧೀಶರ ಹುದ್ದೆ ಅದು. ಆಗ ಅವರು ಇನ್ನೂ ಮೈದಾನದಲ್ಲಿ ಆಡುತ್ತಿದ್ದರು.

1950 ಅವರಿಗೆ ಎರಡು ಕಡೆ ನಿರಾಸೆ ತಂದ ವರ್ಷ. ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್‌ನ ಸೆಮಿಫೈನಲ್‌ನಲ್ಲಿ ಲಿವರ್‌ಪೂಲ್ ಪಕ್ಕದ ಮನೆಯ ಎವರ್ಟನ್ ತಂಡವನ್ನು 2-0 ಸೋಲಿಸಿತು. ಒಂದು ಗೋಲು ಪೈಸ್ಲಿಯದ್ದು, ಇನ್ನೊಂದು ಲಿಡೆಲ್ ಅವರದ್ದು. ವೆಂಬ್ಲಿಯ ಫೈನಲ್‌ನಲ್ಲಿ ಆರ್ಸೆನಲ್‌ನ ಅಲೆಕ್ಸ್ ಫೋರ್ಬ್ಸ್ ಲಿಡೆಲ್ ಅವರನ್ನು ಬಹಳ ಒರಟಾಗಿ ತಡೆದರು. ಲಿವರ್‌ಪೂಲ್ 2-0 ಸೋತಿತು. ಫೋರ್ಬ್ಸ್ ಕೂಡ ಸ್ಕಾಟ್ಲೆಂಡಿನವರೇ, ಕೆಲವೇ ದಿನ ಮೊದಲು ಇಬ್ಬರೂ ದೇಶಕ್ಕಾಗಿ ಒಟ್ಟಿಗೆ ಆಡಿದ್ದರು.

ಆ ದೇಶದ ಪಂದ್ಯದ ಕಥೆ ಇನ್ನೂ ಬೇಸರದ್ದು. 1950ರ ವಿಶ್ವಕಪ್‌ಗೆ ಬ್ರಿಟನ್ನಿನ ನಾಲ್ಕು ತಂಡಗಳ ವಾರ್ಷಿಕ ಟೂರ್ನಿಯಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಅವಕಾಶ ಇತ್ತು. ಸ್ಕಾಟ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಮಾತ್ರ, ಚಾಂಪಿಯನ್ ಆದರಷ್ಟೇ ಬ್ರೆಜಿಲ್‌ಗೆ ಹೋಗುತ್ತೇವೆ ಎಂದು ಹಟ ಹಿಡಿಯಿತು. ಏಪ್ರಿಲ್ 15ರಂದು ಹ್ಯಾಂಪ್ಡನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಡ್ರಾ ಆಗಿದ್ದರೂ ಸಾಕಿತ್ತು. ರಾಯ್ ಬೆಂಟ್ಲಿಯ ಒಂದು ಗೋಲಿನಿಂದ ಇಂಗ್ಲೆಂಡ್ ಗೆದ್ದಿತು. ಎರಡನೇ ಸ್ಥಾನದಲ್ಲಿದ್ದ ಸ್ಕಾಟ್ಲೆಂಡ್, ಅರ್ಹತೆ ಇದ್ದೂ ಮನೆಯಲ್ಲೇ ಉಳಿಯಿತು. ಲಿಡೆಲ್ ಆಗ 28ರ ಹರೆಯದಲ್ಲಿದ್ದರು. ಅವರಿಗೆ ವಿಶ್ವಕಪ್ ಆಡುವ ಅವಕಾಶ ಕೊನೆಗೂ ಸಿಗಲಿಲ್ಲ. ಯಾರದ್ದೋ ಪ್ರತಿಷ್ಠೆಗೆ ಆಟಗಾರರು ಬೆಲೆ ತೆತ್ತರು.

1954ರಲ್ಲಿ ಲಿವರ್‌ಪೂಲ್ ಮೊದಲ ಡಿವಿಷನ್‌ನ ಕೊನೆಯ ಸ್ಥಾನಕ್ಕೆ ಕುಸಿದು ಕೆಳಗಿಳಿಯಿತು. 1947ರ ತಂಡದವರಿಗೆ ವಯಸ್ಸಾಗಿತ್ತು, ಅವರ ಜಾಗಕ್ಕೆ ಸರಿಯಾದ ಹೊಸಬರು ಬಂದಿರಲಿಲ್ಲ. ಎರಡನೇ ಡಿವಿಷನ್‌ನಲ್ಲಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ವಿರುದ್ಧ 9-1ರ ಸೋಲು. ಆ ಒಂದು ಗೋಲು ಯಾರದ್ದು ಅಂತ ಹೇಳಬೇಕಿಲ್ಲ. ಮುಂದಿನ ತಿಂಗಳೇ ಎಫ್‌ಎ ಕಪ್‌ನಲ್ಲಿ ಮೊದಲ ಡಿವಿಷನ್‌ನ ಎವರ್ಟನ್ನನ್ನು ಅವರದ್ದೇ ಮೈದಾನದಲ್ಲಿ 4-0 ಸೋಲಿಸಿದರು. ಮೊದಲ ಗೋಲು ಲಿಡೆಲ್ ಅವರದ್ದು.

ಈ ಹೊತ್ತಿಗೆ ಅವರನ್ನು ವಿಂಗ್‌ನಿಂದ ನಡುವಿಗೆ, ಸೆಂಟರ್ ಫಾರ್ವರ್ಡ್ ಜಾಗಕ್ಕೆ ತಂದಿದ್ದರು. ವಯಸ್ಸಾದ ವಿಂಗರ್‌ಗೆ ಅಂಚಿನಲ್ಲಿ ಓಡುವ ವೇಗ ಕಡಿಮೆಯಾಗುತ್ತದೆ, ಆದರೆ ಹೊಡೆತದ ಬಲ, ಎಲ್ಲಿ ನಿಲ್ಲಬೇಕೆಂಬ ತಿಳಿವಳಿಕೆ ಹೋಗುವುದಿಲ್ಲ. 1954-55ರಲ್ಲಿ ಅವರು 30 ಲೀಗ್ ಗೋಲು ಹೊಡೆದರು, ಅದು 33ನೇ ವಯಸ್ಸಿಗೆ. 1949-50ರಿಂದ 1957-58ರವರೆಗಿನ ಒಂಬತ್ತು ಸೀಸನ್‌ಗಳಲ್ಲಿ ಎಂಟರಲ್ಲಿ ಕ್ಲಬ್ಬಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ. 'ಲಿಡೆಲ್‌ಪೂಲ್' ಎಂಬ ಹೆಸರು ಬಂದದ್ದು ಇದರಿಂದ.

ಮೇಲಕ್ಕೆ ಹೋಗುವ ಅವಕಾಶ ಆಗ ಮೊದಲ ಎರಡು ತಂಡಗಳಿಗೆ ಮಾತ್ರ. 1956ರಲ್ಲಿ ಲಿವರ್‌ಪೂಲ್ ಮೂರನೆಯದು. 1957ರಲ್ಲಿ ಮೂರನೆಯದು. 1958, 1959ರಲ್ಲಿ ನಾಲ್ಕನೆಯದು. 1960ರಲ್ಲಿ ಮತ್ತೆ ಮೂರನೆಯದು. ವರ್ಷ ವರ್ಷವೂ ಹೊಸ್ತಿಲಲ್ಲಿ ಎಡವುವುದು. 1956ರ ಎಫ್‌ಎ ಕಪ್‌ನ ಒಂದು ಗಳಿಗೆ ಆ ವರ್ಷಗಳನ್ನೆಲ್ಲ ಹಿಡಿದಿಟ್ಟ ಹಾಗಿದೆ. ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಆನ್‌ಫೀಲ್ಡ್‌ನಲ್ಲಿ ಪಂದ್ಯ, ಲಿವರ್‌ಪೂಲ್ 2-1ರಿಂದ ಹಿಂದಿದೆ. ಕೊನೆಯ ಕ್ಷಣದಲ್ಲಿ ಲಿಡೆಲ್ ನುಗ್ಗಿ ಗೋಲು ಹೊಡೆದರು. ಮೈದಾನವೆಲ್ಲ ಕುಣಿಯಿತು. ಆದರೆ ಚೆಂಡು ಬಲೆಗೆ ಹೋಗುವ ಮೊದಲೇ ರೆಫರಿ ಮರ್ವಿನ್ ಗ್ರಿಫಿತ್ಸ್ ಪಂದ್ಯ ಮುಗಿಯಿತೆಂದು ಸೀಟಿ ಊದಿದ್ದರು. ಆ ಗದ್ದಲದಲ್ಲಿ ಅದು ಕೇಳಿದವರು ಕಡಿಮೆ.

1959ರ ಡಿಸೆಂಬರ್‌ನಲ್ಲಿ ಶ್ಯಾಂಕ್ಲಿ ಮ್ಯಾನೇಜರ್ ಆಗಿ ಬಂದಾಗ ಲಿಡೆಲ್‌ಗೆ 38 ಆಗುವುದರಲ್ಲಿತ್ತು. ಇಬ್ಬರೂ ಹಳೆಯ ಪರಿಚಯದವರು, ಯುದ್ಧಕಾಲದಲ್ಲಿ ಸ್ಕಾಟ್ಲೆಂಡಿಗೆ ಒಟ್ಟಿಗೆ ಆಡಿದವರು. 1960ರ ಮಾರ್ಚ್ 5ರಂದು ಸ್ಟೋಕ್ ವಿರುದ್ಧ ಲಿಡೆಲ್ ಗೋಲು ಹೊಡೆದಾಗ ಅವರ ವಯಸ್ಸು 38 ವರ್ಷ 55 ದಿನ. ಲಿವರ್‌ಪೂಲಿಗೆ ಗೋಲು ಹೊಡೆದ ಅತಿ ಹಿರಿಯ ಆಟಗಾರ ಇವತ್ತಿಗೂ ಅವರೇ. ಮುಂದಿನ ತಿಂಗಳು ಅವರ ಜಾಗದಲ್ಲಿ ಇಯಾನ್ ಕ್ಯಾಲಹನ್ ಎಂಬ ಹದಿನೆಂಟರ ಹುಡುಗ ಮೊದಲ ಪಂದ್ಯ ಆಡಿದ. ಮುಂದೆ ಆತ ಕ್ಲಬ್ಬಿನ ಅತಿ ಹೆಚ್ಚು ಪಂದ್ಯಗಳ ದಾಖಲೆಯನ್ನೂ ಲಿಡೆಲ್ ಅವರಿಂದ ಪಡೆದರು.

ಲಿಡೆಲ್ ಕೊನೆಯ ಅಧಿಕೃತ ಪಂದ್ಯ ಆಡಿದ್ದು 1960ರ ಆಗಸ್ಟ್ 31ರಂದು, ಸೌತಾಂಪ್ಟನ್ ವಿರುದ್ಧ. ಸೆಪ್ಟೆಂಬರ್‌ನಲ್ಲಿ ಅವರ ಸಹಾಯಾರ್ಥ ಪಂದ್ಯ ನಡೆಯಿತು. ಟಿಕೆಟ್ ಹಣ ಆಟಗಾರನಿಗೆ ಸೇರುವ ಪಂದ್ಯ ಅದು. ಸಂಬಳದ ಮಿತಿ ಇದ್ದ ಕಾಲದಲ್ಲಿ ಜನ ತಮ್ಮ ಮೆಚ್ಚಿನ ಆಟಗಾರನಿಗೆ ನೇರವಾಗಿ ಕೊಡಬಹುದಾಗಿದ್ದ ಕಾಣಿಕೆ. 38 ಸಾವಿರಕ್ಕೂ ಹೆಚ್ಚು ಜನ ಬಂದರು.

ನಾಲ್ಕು ತಿಂಗಳ ನಂತರ, 1961ರ ಜನವರಿಯಲ್ಲಿ, ಆಟಗಾರರ ಸಂಘ ಮುಷ್ಕರದ ಎಚ್ಚರಿಕೆ ಕೊಟ್ಟ ಮೇಲೆ ಸಂಬಳದ ಮಿತಿ ರದ್ದಾಯಿತು. ಸಂಘದ ಮುಂದಾಳು ಜಿಮ್ಮಿ ಹಿಲ್. ಅವರದ್ದೇ ಕ್ಲಬ್ಬು ಫುಲಮ್‌ನ ಜಾನಿ ಹೇನ್ಸ್ ಕೂಡಲೇ ವಾರಕ್ಕೆ 100 ಪೌಂಡ್ ಪಡೆಯತೊಡಗಿದರು. ನೋಂದಣಿಯ ಕಟ್ಟು 1963ರಲ್ಲಿ ಸಡಿಲವಾಯಿತು. ಜಾರ್ಜ್ ಈಸ್ಟಮ್ ಎಂಬ ಆಟಗಾರ ನ್ಯೂಕ್ಯಾಸಲ್ ಕ್ಲಬ್ಬಿನ ಮೇಲೆ ಹಾಕಿದ ಮೊಕದ್ದಮೆಯಲ್ಲಿ ನ್ಯಾಯಾಧೀಶ ವಿಲ್ಬರ್‌ಫೋರ್ಸ್ ಅದನ್ನು ಅನ್ಯಾಯದ ನಿರ್ಬಂಧ ಎಂದು ತೀರ್ಪು ಕೊಟ್ಟರು. ಎರಡೂ ಬದಲಾವಣೆ ಬಂದದ್ದು ಲಿಡೆಲ್ ಆಟ ಮುಗಿದ ಮೇಲೆ. ಲಿವರ್‌ಪೂಲ್ ಮೇಲಿನ ಡಿವಿಷನ್‌ಗೆ ಮರಳಿದ್ದೂ 1962ರಲ್ಲಿ.

ಆಟ ಬಿಟ್ಟ ಮೇಲೆ ಅವರಿಗೆ ಬದುಕಿನ ಚಿಂತೆ ಇರಲಿಲ್ಲ. ಅದೆಷ್ಟೋ ಹೆಸರಾಂತ ಆಟಗಾರರು ಬೂಟು ಕಳಚಿದ ಮೇಲೆ ಬೇರೆ ಕೆಲಸ ಹುಡುಕಿ ಪರದಾಡಿದ ಕಾಲದಲ್ಲಿ, ಗಣಿ ಊರಿನ ಆ ತಂದೆತಾಯಿ ಹಾಕಿದ ಷರತ್ತು ಮಗನನ್ನು ಕಾಪಾಡಿತು. ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಂಘದ ಹಣಕಾಸು ನೋಡಿಕೊಳ್ಳುವ ಕೆಲಸ ಮಾಡಿದರು. 2001ರಲ್ಲಿ ತೀರಿಕೊಂಡರು. 2004ರಲ್ಲಿ ಆನ್‌ಫೀಲ್ಡ್‌ನಲ್ಲಿ ಅವರ ನೆನಪಿನ ಫಲಕ ಹಾಕಿದರು.

ಒಟ್ಟು 534 ಅಧಿಕೃತ ಪಂದ್ಯ, 228 ಗೋಲು. ಲಿವರ್‌ಪೂಲಿನ ಸಾರ್ವಕಾಲಿಕ ಗೋಲುಗಾರರ ಪಟ್ಟಿಯಲ್ಲಿ ಈಗ ಐದನೆಯವರು. ಇಯಾನ್ ರಶ್, ರೋಜರ್ ಹಂಟ್, ಸಲಾ, ಗೋರ್ಡನ್ ಹಾಡ್ಜ್‌ಸನ್ ಮುಂದಿದ್ದಾರೆ. ಆ ನಾಲ್ವರಲ್ಲಿ ವಿಂಗರ್ ಸಲಾ ಒಬ್ಬರೇ. ಯುದ್ಧಕಾಲದ ಆ 80ಕ್ಕೂ ಹೆಚ್ಚು ಗೋಲುಗಳನ್ನು ಸೇರಿಸಿದರೆ ಲಿಡೆಲ್ 300 ದಾಟುತ್ತಾರೆ. ಹಾಗೆ ಸೇರಿಸಲು ನಿಯಮ ಒಪ್ಪುವುದಿಲ್ಲ. ಪಟ್ಟಿ ನೋಡುವಾಗ ನಾನಂತೂ ಸೇರಿಸಿಕೊಂಡೇ ನೋಡುತ್ತೇನೆ.